ದೇವಿಮನೆ ಘಟ್ಟ ಹತ್ತುವುದಕ್ಕೆ ಕಾಲಿನ ಬಲಕ್ಕಿಂತ ಮೊದಲು ಗೇರು ನೋಡಿ

ಕುಮಟಾದಿಂದ ಶನಿವಾರ ಸೈಕಲ್ಲಿನಲ್ಲಿ ಹೊರಟು ದೇವಿಮನೆ ಘಟ್ಟ ಹತ್ತಿ ಶಿರಸಿ ತಲುಪಿ, ಭಾನುವಾರ ಅದೇ ದಾರಿಯಲ್ಲಿ ಇಳಿದು ಬರುವ ಯೋಜನೆಯನ್ನು ತಾವು ತಿಳಿಸಿದ್ದೀರಿ. ಕಳೆದ ಸಲ ಅರ್ಧ ಘಟ್ಟದಲ್ಲಿ ತೊಡೆ ಹಿಡಿದುಕೊಂಡು ಸೈಕಲ್ ತಳ್ಳಬೇಕಾಯಿತೆಂದೂ, ಆದ್ದರಿಂದ ಕಾಲಿನ ಬಲ ಹೆಚ್ಚಿಸುವ ವ್ಯಾಯಾಮ ಬೇಕೆಂದೂ ಬರೆದಿದ್ದೀರಿ. ವ್ಯಾಯಾಮ ಒಳ್ಳೆಯದೇ, ಆದರೆ ತಮ್ಮ ತೊಂದರೆಯ ಮೂಲ ಗೇರಿನಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತಮ್ಮ ಸೈಕಲ್ಲಿಗೆ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರಗಳಿವೆ, ಹಿಂದೆ 11ರಿಂದ 28 ಹಲ್ಲಿನವರೆಗಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಇದೆ. ಅತಿ ಹಗುರವಾದ ಗೇರಿನಲ್ಲಿ (ಮುಂದೆ 34, ಹಿಂದೆ 28) ನಿಮಿಷಕ್ಕೆ 60 ಸಲ ಪೆಡಲ್ ತಿರುಗಿಸಿದರೂ ಸೈಕಲ್ ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿ ಓಡಲೇಬೇಕು. ಸವಾರ, ಸೈಕಲ್, ಚೀಲ ಸೇರಿ 85 ಕಿಲೋ ಎಂದಿಟ್ಟುಕೊಂಡರೆ, ಶೇಕಡ 6ರ ಏರಿನಲ್ಲಿ ಆ ವೇಗಕ್ಕೆ ಭಾರ ಎತ್ತುವುದಕ್ಕೇ ಸುಮಾರು 130 ವ್ಯಾಟ್ ಬೇಕಾಗುತ್ತದೆ. ಹಿಂದೆ 34 ಹಲ್ಲಿನ ಚಕ್ರವಿದ್ದರೆ ಅದೇ ಲಯದಲ್ಲಿ ಗಂಟೆಗೆ ಏಳೂವರೆ ಕಿ.ಮೀ. ಸಾಕು, ವ್ಯಾಟ್ 105ರ ಆಸುಪಾಸಿಗೆ ಇಳಿಯುತ್ತದೆ. ತಿರುವುಗಳಲ್ಲಿ ಏರು ಇನ್ನೂ ಕಡಿದಾಗುವಾಗ ಹಗುರ ಗೇರು ಉಳಿದಿಲ್ಲದ ಸವಾರ ಲಯ ಕಳೆದುಕೊಂಡು ಪೆಡಲನ್ನು ತುಳಿದು ತುಳಿದು ನೂಕತೊಡಗುತ್ತಾನೆ. ತೊಡೆ ಸೋಲುವುದು ಆಗಲೇ.

ಕ್ಯಾಸೆಟ್ ಬದಲಿಸುವ ಮೊದಲು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಷ್ಟು ಹಲ್ಲಿನವರೆಗೆ ತಾಳುತ್ತದೆ ಎಂದು ವಿಚಾರಿಸಿಕೊಳ್ಳಿ, ಏಕೆಂದರೆ ಗಿಡ್ಡ ಪಂಜರದವು (ಚೈನನ್ನು ಬಿಗಿಯಾಗಿಡುವ ಅದರ ಕೆಳತೋಳು ಗಿಡ್ಡವಾಗಿರುವವು) ಹಲವು 28 ಅಥವಾ 30ಕ್ಕೇ ನಿಲ್ಲುತ್ತವೆ. ಚೈನಿನ ಉದ್ದವನ್ನೂ ಮರೆಯಬೇಡಿ. ನನ್ನ ಸೈಕಲ್ಲಿಗೆ ದೊಡ್ಡ ಕ್ಯಾಸೆಟ್ ಹಾಕಿದ ಅಂಗಡಿಯವರು ಹಳೆಯ ಚೈನನ್ನೇ ಉಳಿಸಿದ್ದರಿಂದ, ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೆ ಹೋದ ಕೂಡಲೇ ಅದು ಬಿಗಿದು ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಬಾಗಿಹೋಯಿತು.

ದಾರಿಯ ವಿಷಯ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿ.ಮೀ. ಕತಗಾಲದವರೆಗೆ ದೊಡ್ಡ ಏರು ಇಲ್ಲದ್ದರಿಂದ ಕಾಲು ತಾನಾಗಿಯೇ ಓಡಿಸುತ್ತದೆ, ಅಲ್ಲಿಯೇ ಶಕ್ತಿ ಖರ್ಚಾಗುತ್ತದೆ. ಮಾತನಾಡುತ್ತಾ ಸಾಗುವಷ್ಟು ನಿಧಾನವಾಗಿ ಹೋಗಿ, ಬೆಳಕು ಹರಿಯುವಾಗಲೇ ಹೊರಡಿ. ಕರಾವಳಿಯ ಸೆಕೆಯಲ್ಲಿ ಬೆವರು ಆರದೆ ಮೈಮೇಲೇ ನಿಲ್ಲುವುದರಿಂದ ಬಿಸಿಲೇರಿದ ಮೇಲೆ ಅದೇ ಏರು ದುಪ್ಪಟ್ಟು ಕಷ್ಟವಾಗುತ್ತದೆ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು ಬೆಲ್ಲ ಹಾಕಿದ ಮುರುಗಲು ಪಾನಕ ಇರಲಿ. ಹೊರಡುವ ಮೊದಲು ಗಂಜಿ ಮತ್ತು ಮಿಡಿ ಉಪ್ಪಿನಕಾಯಿ ನನಗೆ ಚೆನ್ನಾಗಿ ಒಗ್ಗಿದೆ. ದಾರಿಗೆ ಬಾಳೆಹಣ್ಣು ಸಾಕು. ಘಟ್ಟದ ಮೇಲಿನ ದೇವಿಮನೆ ದೇವಸ್ಥಾನದ ಬಳಿ ತಲುಪಿದಾಗ ಏರು ಮುಗಿಯಿತೆಂದು ಉಳಿದ ಬಲವನ್ನೆಲ್ಲ ಸುರಿಯಬೇಡಿ, ರಾಗಿಹೊಸಳ್ಳಿ ದಾಟಿ ಶಿರಸಿ ಸೇರುವವರೆಗೂ ಏರಿಳಿತ ಇದ್ದೇ ಇರುತ್ತದೆ.

ಇಳಿಯುವ ದಿನದ ಬಗ್ಗೆಯೇ ನನಗೆ ಹೆಚ್ಚು ಕಾಳಜಿ. ತಮ್ಮದು ರಿಮ್ ಬ್ರೇಕ್, ಅಂದರೆ ಚಕ್ರದ ಹೊರಬಳೆಯನ್ನೇ (ರಿಮ್) ಒತ್ತಿ ನಿಲ್ಲಿಸುವಂಥದು. ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯುವ ಅಪಾಯವಿದೆ, ಆದ್ದರಿಂದ ನೇರ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿ ಬಿಡಿ, ಮತ್ತೆ ಒತ್ತಿ, ಮತ್ತೆ ಬಿಡಿ. ವೇಗವನ್ನು ತಿರುವಿಗೆ ಮೊದಲೇ ಇಳಿಸಬೇಕು. ಬಾಗಿದ ಸೈಕಲ್ಲಿನ ಮೇಲೆ, ಅದರಲ್ಲೂ ತರಗೆಲೆ ಮತ್ತು ಜಲ್ಲಿಪುಡಿಯ ಮೇಲೆ, ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಲಾರಿಯ ಹಿಂದೆ ಅಂಟಿಕೊಂಡು ಇಳಿಯದೆ ಅದನ್ನು ಮುಂದೆ ಹೋಗಲು ಬಿಡಿ. ಬೆಳಗಿನ ಮಂಜಿನಲ್ಲಿ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ. ಅಗಲೀಕರಣ ಅಥವಾ ಗುಡ್ಡ ಕುಸಿತದ ಕಾರಣಕ್ಕೆ ಸಂಚಾರ ನಿಲ್ಲಿಸಿದ್ದುಂಟು, ಹೊರಡುವ ಹಿಂದಿನ ದಿನ ಬಸ್‌ನಿಲ್ದಾಣದಲ್ಲಿ ಕೇಳಿಕೊಳ್ಳಿ. ಕಾಡಿನ ಭಾಗದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ ಎರಡು ಟ್ಯೂಬ್, ಪಂಪು, ಚೈನ್ ಕೊಂಡಿ ಚೀಲದಲ್ಲಿರಬೇಕು.

ಡಿರೇಲರಿನ ಒಂದು ಚಿತ್ರವನ್ನು ಇಲ್ಲಿ ಹಾಕಿದರೆ, ಪಂಜರದ ಉದ್ದ ನೋಡಿ 32 ಹಲ್ಲಿನದು ಕೂರುತ್ತದೆಯೋ 34 ಹಲ್ಲಿನದು ಕೂರುತ್ತದೆಯೋ ತಿಳಿಸುತ್ತೇನೆ.