ಪಾಸ್ ಕೊಡುವ ಮೊದಲು ಅಪ್ಪನ ಮುಖ ನೋಡುವ ಹುಡುಗ

"ಮಗನಿಗೆ ಏಕಾಗ್ರತೆ ಇಲ್ಲ, ಏನಾದ್ರೂ ಮಾಡಿ" ಎಂದು ಸಲಹೆಗೆ ನನ್ನ ಬಳಿ ಬರುವ ಆಟಗಾರ ಮಕ್ಕಳ ತಂದೆ-ತಾಯಿ ಈಚೆಗೆ ಜಾಸ್ತಿಯಾಗಿದ್ದಾರೆ. ಹೆಚ್ಚು ಕಡಿಮೆ ಎಲ್ಲರದೂ ಒಂದೇ ಕಥೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗನಿಗೆ 13 ವರ್ಷ. ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುಭಾಗದಲ್ಲಿ ಆಡುವವನು. ಅಭ್ಯಾಸ ತಪ್ಪಿಸುವವನಲ್ಲ, ಚೆಂಡಿನ ಮೇಲೆ ಒಳ್ಳೆಯ ಹಿಡಿತವಿದೆ. ಆದರೆ ಪಂದ್ಯದಲ್ಲಿ ಚೆಂಡು ಕಾಲಿಗೆ ಬಂತೆಂದರೆ ಅರೆಕ್ಷಣ ತಡವರಿಸುತ್ತಾನೆ, ಆಮೇಲೆ ಅದೇ ಕಲಿತ ಪಾಸ್. "ಸ್ವಂತ ಬುದ್ಧಿ ಓಡಿಸೋದೇ ಇಲ್ಲ" ಎನ್ನುವುದು ಕೋಚ್ ದೂರು.

ಎರಡನೇ ಭೇಟಿಯಲ್ಲಿ ಮೇಜಿನ ಮೇಲೆ ಆಟಗಾರರ ಬದಲು ನಾಣ್ಯ, ಪೆನ್ನಿನ ಮುಚ್ಚಳಗಳನ್ನಿಟ್ಟು, ಹೋದ ಪಂದ್ಯದ ಒಂದು ಗಳಿಗೆಯನ್ನು ಜೋಡಿಸು ಅಂದೆ. ಪಟಪಟ ಜೋಡಿಸಿದ. "ಈಗ ಚೆಂಡು ನಿನ್ನ ಹತ್ರ ಇದೆ. ಏನ್ ಮಾಡ್ತೀಯ?" ಅವನ ಬೆರಳು ಎಡಗಡೆಯ ನೀಲಿ ಮುಚ್ಚಳದ ಕಡೆ ಹೊರಟು ಗಾಳಿಯಲ್ಲೇ ನಿಂತಿತು. ಕಣ್ಣು ಅಪ್ಪನ ಕಡೆ ತಿರುಗಿತು. ಅಪ್ಪ ಏನೂ ಹೇಳಲಿಲ್ಲ, ಹುಬ್ಬು ಸ್ವಲ್ಪ ಏರಿತು ಅಷ್ಟೇ. ಬೆರಳು ಬಲಕ್ಕೆ ಹೋಯಿತು.

ಅಪ್ಪನನ್ನು ಹೊರಗೆ ಕೂರಲು ಹೇಳಿ ಮತ್ತೆ ಕೇಳಿದೆ. ಈ ಸಲ ಇಬ್ಬರು ಎದುರಾಳಿಗಳ ನಡುವಿಂದ ನೇರ ನೀಲಿ ಮುಚ್ಚಳಕ್ಕೆ ಪಾಸ್ ಕೊಟ್ಟ. ಆಟದ ದಿನ ಇದು ಕಾಣಿಸಲಿಲ್ವಾ ಅಂದೆ.

"ಕಾಣಿಸ್ತು. ಯಾರೂ ಹೇಳಿರಲಿಲ್ಲ, ಅದಕ್ಕೇ ಕೊಡಲಿಲ್ಲ."

ಏಕಾಗ್ರತೆಯ ವ್ಯಾಯಾಮ ಯಾಕೆ ಕೊಡಲಿಲ್ಲ ಅಂತ ತಂದೆ ಆಮೇಲೆ ತುಸು ಕೋಪದಿಂದಲೇ ಕೇಳಿದರು. ನನ್ನ ಉತ್ತರ ಇದು: ಇವನ ಗಮನ ಚದುರಿಲ್ಲ, ಮೈದಾನದ ಗೆರೆಯಾಚೆಯ ದನಿಗಳಿಗೆ ಅಂಟಿಕೊಂಡಿದೆ. ಅದನ್ನು ಇನ್ನಷ್ಟು ಬಿಗಿ ಮಾಡಿ ಏನುಪಯೋಗ? ಕ್ರೀಡಾ ಸಂಶೋಧಕರಾದ ಡೇನಿಯಲ್ ಮೆಮ್ಮರ್ಟ್ ಮತ್ತು ಫಿಲಿಪ್ ಫರ್ಲಿ 2007ರಲ್ಲಿ ಎಳೆಯ ಹ್ಯಾಂಡ್‌ಬಾಲ್ ಆಟಗಾರರ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದರು. ಇದನ್ನೇ ನೋಡು ಅಂತ ಸೂಚನೆ ಪಡೆದವರಲ್ಲಿ ಅನೇಕರಿಗೆ ಖಾಲಿ ನಿಂತ ಜೊತೆಗಾರ ಕಾಣಲೇ ಇಲ್ಲ. ಸೂಚನೆ ಕಡಿಮೆ ಇದ್ದಾಗ ಹೆಚ್ಚು ಮಂದಿಗೆ ಕಂಡ. ನಮ್ಮ ಹುಡುಗನದು ಇನ್ನೊಂದು ಹೆಜ್ಜೆ ಮುಂದೆ: ಕಂಡರೂ ಅಪ್ಪಣೆಗೆ ಕಾಯುತ್ತಾನೆ.

ತಂದೆಗೆ ಹೇಳಿದ್ದಿಷ್ಟು. ಪಂದ್ಯದ ವೇಳೆ ಬಾಯಿ ಬಿಡಬೇಡಿ. ಶಭಾಷ್ ಕೂಡ ಬೇಡ. ಹೇಳಿದಂತೆ ಆಡಿದಾಗ ಮಾತ್ರ ಬರುವ ಶಭಾಷ್ ಕೂಡ ಒಂದು ಸೂಚನೆಯೇ ಅಲ್ವಾ? ಮನೆಗೆ ಬಂದ ಮೇಲೆ ಗೋಲಿನ ಲೆಕ್ಕ ಬಿಟ್ಟು, "ಇವತ್ತು ಹೊಸದೇನು ಮಾಡಿ ನೋಡಿದೆ?" ಅಂತ ಮಾತ್ರ ಕೇಳಿ.

ಕೋಚ್‌ಗೆ ಕೇಳಿಕೊಂಡಿದ್ದು ವಾರಕ್ಕೊಮ್ಮೆ ಅರ್ಧ ಗಂಟೆ. ಚಿಕ್ಕ ಜಾಗದಲ್ಲಿ ಮೂವರಿಗೆ ಮೂವರು, ಕೆಲವೊಮ್ಮೆ ಮೂವರಿಗೆ ನಾಲ್ವರು. ಹನ್ನೊಂದು ಜನರ ಆಟಕ್ಕಿಂತ ಇಲ್ಲಿ ಚೆಂಡು ಮತ್ತೆ ಮತ್ತೆ ಕಾಲಿಗೆ ಬರುತ್ತದೆ, ಪ್ರತಿಸಲವೂ ತಾನೇ ತೀರ್ಮಾನ ಮಾಡಬೇಕು. ನಿಯಮ ಮಕ್ಕಳೇ ಮಾಡಿಕೊಳ್ಳಲಿ. ಚೆಂಡು ಕಳೆದುಕೊಂಡರೆ ಯಾರೂ ಮಾತಾಡಬಾರದು.

"ಶಿಸ್ತು ಹಾಳಾಗುತ್ತೆ" ಅಂದರು ಕೋಚ್. ತರಬೇತಿ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಲಿಗೆ ಚೆಂಡು ಒಗ್ಗದವನಿಗೆ ಐಡಿಯಾ ಇದ್ದೂ ಪ್ರಯೋಜನವಿಲ್ಲ. ಆದರೆ ವಾರವಿಡೀ ಹೇಳಿದ್ದನ್ನೇ ಮಾಡಿಸಿ, ಪಂದ್ಯದ ದಿನ ಸ್ವಂತ ಬುದ್ಧಿ ಎಲ್ಲಿ ಅಂತ ಕೇಳುವುದು ಅನ್ಯಾಯ. ಈ ಮಾತು ಅವರಿಗೆ ಹಿಡಿಸಲಿಲ್ಲ. ಆದರೂ ಅರ್ಧ ಗಂಟೆ ಕೊಟ್ಟರು.

ಮೊದಮೊದಲು ಹುಡುಗ ಮುಂಚೆಗಿಂತ ಜಾಸ್ತಿ ಚೆಂಡು ಕಳೆದುಕೊಂಡ. ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದೆ. ಒಂದು ಪಂದ್ಯದಲ್ಲಿ ಅವನನ್ನು ಹೊರಗೆ ಕೂರಿಸಿದಾಗ ತಂದೆ ಫೋನ್ ಮಾಡಿ, "ನಿಮ್ಮ ಮಾತು ಕೇಳಿ ಹೀಗಾಯ್ತು" ಅಂದರು. ಸಲಹೆ ಬದಲಿಸಲಿಲ್ಲ. ಆ ಅರ್ಧ ಗಂಟೆಯ ಆಟ ನೋಡಿ ತಂಡದ ಆಯ್ಕೆ ಮಾಡಬೇಡಿ ಅಂತ ಕೋಚ್ ಹತ್ತಿರ ಇನ್ನೊಂದು ಮಾತು ಆಡಿದೆ. ಸೀಸನ್ ಮುಗಿಯುವ ತನಕ ಒಪ್ಪಿದ್ದಾರೆ.