ಸುಲಿಯುವ ಯಂತ್ರ ಮತ್ತು ಜಗಲಿಯ ಪಟ್ಟಾಂಗ

ಪ್ರಶ್ನೆ: ಯಂತ್ರ ಬಂದರೆ ಊರಿಗೆ ಏಳಿಗೆ ಅಂತಾರೆ. ನಮ್ಮ ಅಡಿಕೆ ತೋಟಗಳಲ್ಲಿ ಕೆಲಸ ಹೋಗಿದ್ದೇ ಜಾಸ್ತಿ ಅಲ್ವಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಎರಡೂ ನಿಜ. 1909ರಿಂದ 1949ರೊಳಗೆ ಅಮೆರಿಕದಲ್ಲಿ ಗಂಟೆಯೊಂದರ ದುಡಿಮೆಯ ಫಲ ಇಮ್ಮಡಿಯಾಯಿತು. ಆ ಹೆಚ್ಚಳದ 8ರಲ್ಲಿ 7 ಪಾಲು ತಂತ್ರಜ್ಞಾನದ್ದು ಅಂತ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1957ರಲ್ಲಿ ಲೆಕ್ಕ ಹಾಕಿದರು. ಬಂಡವಾಳದ್ದು ಬರೀ 1 ಪಾಲು. ಆದರೆ ಯಾರ ಕೈಗೆ ಎಷ್ಟು ಬಂತು ಅನ್ನೋದು ಬೇರೆಯೇ ಲೆಕ್ಕ.

ನಮ್ಮ ಅಂಗಳಕ್ಕೆ ಸುಲಿಯುವ ಯಂತ್ರ ಬಂದ ವರ್ಷವೇ ಅಡಿಕೆ ಸುಲಿಯುತ್ತಿದ್ದ ಅಕ್ಕನ ಕೆಲಸ ನಿಂತಿತು. ಈಗ ಅವರ ಮಗನೇ ಪಿಕಪ್‌ನಲ್ಲಿ ಯಂತ್ರ ಹೇರಿಕೊಂಡು ಮನೆಮನೆಗೆ ಹೋಗುತ್ತಾನೆ. ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡುವವನಲ್ಲ! ಅಕ್ಕನಿಗೆ ಜಗಲಿಯ ಪಟ್ಟಾಂಗ ತಪ್ಪಿದ ಬೇಜಾರು. ಒಡೆದ ಅಡಿಕೆ ಕಂಡರೆ ಸಾಕು, "ನಿನ್ನ ಯಂತ್ರದ್ದೇ ಕೆಲಸ" ಅಂತ ಮಗನನ್ನು ಗದರುತ್ತಾರೆ.