ಫ್ರೆಂಡ್ಸ್: ಸೀಸನ್ನಿಗೊಂದು ಎಪಿಸೋಡು ಅಂತ ಆರಿಸಬೇಡಿ

ಅಮೆರಿಕದ ಟಿವಿ ಹಾಸ್ಯ ಧಾರಾವಾಹಿ ಫ್ರೆಂಡ್ಸ್ ಐದನೇ ಸೀಸನ್ನಿನ ಮೇಲೆ ಸಪ್ಪೆಯಾಯಿತು, ಹತ್ತೂ ಸೀಸನ್ನಿನಿಂದ ಒಂದೊಂದು ಇಷ್ಟದ ಎಪಿಸೋಡು ತೆಗೆದು ಹೋಲಿಸಿ ಅದನ್ನು ತೋರಿಸುವುದು ಹೇಗೆ ಅಂತ ಕೇಳಿದ್ದೀರಿ. ಬದಿಯಡ್ಕದ ಮನೆಯಲ್ಲಿ ಕೂತು ಎಂಟು ತಿಂಗಳು ನಾನು ಮಾಡಿದ್ದು ಇದನ್ನೇ. ಮುಟ್ಟಿದ್ದೂ ನಿಮ್ಮ ತೀರ್ಮಾನಕ್ಕೇ. ಆಮೇಲೆ ಟಿಪ್ಪಣಿ ಬರೆದ 200 ಪುಟದ ನಾಲ್ಕು ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಬೇಕಾಯಿತು. ಯಾಕೆ ಅನ್ನುವುದನ್ನು ಮೊದಲು ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಗುಂಡಿಯ ಅಂಚಿನಲ್ಲಿದ್ದೀರಿ ಅಂತ ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತದೆ.

ಮೊದಲ ಐದು ಸೀಸನ್ ನನಗೆ ಸಿಕ್ಕಿದ್ದು ಡಿವಿಡಿಯಲ್ಲಿ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಊರಿಗೆ ಬರುವಾಗ ತಂದ ಪೆಟ್ಟಿಗೆಗಳು. ಅವು ರೀಜನ್ 1ರ ಡಿಸ್ಕುಗಳು, ಅಂದರೆ ಅಮೆರಿಕ ಮತ್ತು ಕೆನಡಾದ ಮಾರುಕಟ್ಟೆಯವು. ನಮ್ಮದು ರೀಜನ್ 5. ಅಂಗಡಿಯಿಂದ ತಂದ ಸಾಮಾನ್ಯ ಪ್ಲೇಯರಿಗೆ ಹಾಕಿದರೆ ಓಡುವುದಿಲ್ಲ. ಕಂಪ್ಯೂಟರಿನ ಡ್ರೈವಿನಲ್ಲಾದರೆ ರೀಜನ್ ಬದಲಿಸಬಹುದು, ಆದರೆ ಐದೇ ಸಲ. ಐದನೆಯ ಬದಲಾವಣೆಗೆ ಅದು ಅಲ್ಲೇ ಬೀಗ ಬೀಳುತ್ತದೆ. ಇಷ್ಟೆಲ್ಲ ತಿಳಿದುಕೊಂಡು ಡಿಸ್ಕು ಓಡಿಸಿದ ನಾನು, ಅದರೊಳಗೆ ಏನುಂಟು ಅಂತ ಮಾತ್ರ ವಿಚಾರಿಸಲಿಲ್ಲ. ಟಿವಿಯಲ್ಲಿ ಮೊದಲು ಪ್ರಸಾರವಾದಾಗ ಸಮಯ ಸಾಲದೆ ಕೈಬಿಟ್ಟ ತುಣುಕುಗಳನ್ನು ರೀಜನ್ 1ರ ಡಿಸ್ಕುಗಳಲ್ಲಿ ವಾಪಸು ಸೇರಿಸಿದ್ದಾರೆ. ಯುರೋಪಿನ ರೀಜನ್ 2ರ ಡಿಸ್ಕಿನಲ್ಲಿ ಇರುವುದು ಪ್ರಸಾರವಾದ ರೂಪ. ಅಂದರೆ ನಾನು ನೋಡಿದ 1ರಿಂದ 5ರ ವರೆಗಿನ ಎಪಿಸೋಡುಗಳು ಮೂಲಕ್ಕಿಂತ ತುಸು ಉದ್ದದವು.

6ರಿಂದ 10ರ ವರೆಗಿನದು ಕೇಬಲ್ಲಿನಿಂದ ರೆಕಾರ್ಡು ಮಾಡಿಕೊಂಡದ್ದು. ಅರ್ಧ ಗಂಟೆಯ ಸ್ಲಾಟಿನಲ್ಲಿ ಸುಮಾರು 22 ನಿಮಿಷ ಕಥೆ, ಉಳಿದದ್ದು ಜಾಹೀರಾತು: ಅಮೆರಿಕದ ಲೆಕ್ಕ ಅದು. ಇಲ್ಲಿ ಮರುಪ್ರಸಾರ ಮಾಡುವಾಗ ಜಾಹೀರಾತು ಹೆಚ್ಚಾದರೆ ಕಥೆಯ ಕಡೆಯಿಂದಲೇ ಕತ್ತರಿಸುತ್ತಾರೆ. ನನ್ನ ರೆಕಾರ್ಡಿನಲ್ಲಿ ಕೊನೆಯ ಹೆಸರುಗಳ ಜೊತೆ ಬರುವ ಬಾಲದಂಥ ಚಿಕ್ಕ ದೃಶ್ಯ ಹೆಚ್ಚಿನವಕ್ಕೆ ಇರಲೇ ಇಲ್ಲ. ಕೆಲವು ಮಾತುಗಳನ್ನು ಮ್ಯೂಟ್ ಮಾಡಿದ್ದರು. ಮಾತು ಹೋಗಿ ನಗು ಮಾತ್ರ ಕೇಳುತ್ತಿತ್ತು.

ಈಗ ಪರಿಣಾಮ ನೋಡಿ. ಫ್ರೆಂಡ್ಸ್‌ನಲ್ಲಿ ಆರು ಜನ ಗೆಳೆಯರು (ರಾಸ್, ರೇಚಲ್, ಮಾನಿಕಾ, ಚಾಂಡ್ಲರ್, ಫೀಬಿ, ಜೋಯಿ), ಹೆಚ್ಚಿನ ಎಪಿಸೋಡಿನಲ್ಲಿ ಕಥೆಯ ಮೂರು ಎಳೆ. ಮೊದಲ ಎಳೆ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ, ಎರಡನೆಯದು ಅದಕ್ಕೆ ಎದುರು ನಿಲ್ಲುತ್ತದೆ, ಮೂರನೆಯದು ಚಿಕ್ಕದು, ಹೆಚ್ಚಾಗಿ ಫೀಬಿ ಅಥವಾ ಜೋಯಿಯದು. ಕತ್ತರಿ ಹಾಕುವವನಿಗೆ ಸುಲಭವಾಗಿ ಸಿಗುವುದು ಈ ಮೂರನೆಯದೇ, ಯಾಕೆಂದರೆ ಅದನ್ನು ತೆಗೆದರೂ ಮುಖ್ಯ ಕಥೆ ಅರ್ಥವಾಗುತ್ತದೆ. ಅದರ ಮುಗಿತಾಯ ಎಷ್ಟೋ ಸಲ ಆ ಬಾಲದಲ್ಲೇ ಇರುತ್ತದೆ. ಹಾಗಾಗಿ ನನ್ನ ಪುಸ್ತಕದಲ್ಲಿ ಆರನೇ ಸೀಸನ್ನಿನಿಂದ ಶುರುವಾಗಿ ಪುಟಪುಟಕ್ಕೂ ‘ಮೂರನೇ ಎಳೆ ದುರ್ಬಲ’, ‘ಮೂರನೇ ಎಳೆ ಅರ್ಧಕ್ಕೆ ನಿಂತಿದೆ’ ಅಂತ ಬರೆದುಕೊಂಡೆ. ಬರಹಗಾರರು ದಣಿದಿದ್ದಾರೆ ಅಂತ ಒಂದು ಸಿದ್ಧಾಂತವನ್ನೇ ಕಟ್ಟಿ ಗೆಳೆಯರ ಮುಂದೆ ಓದಿದೆ. ಅವರಲ್ಲಿ ಒಬ್ಬರು ಒಟಿಟಿಯಲ್ಲಿ ಆ ಎಪಿಸೋಡುಗಳನ್ನು ಹಾಕಿ ತೋರಿಸಿದರು. ನಾನು ಇಲ್ಲ ಅಂದಿದ್ದ ಮುಗಿತಾಯಗಳು ಅಲ್ಲಿದ್ದವು. ಮೂರನೇ ಸೀಸನ್ನಿನಲ್ಲಿ ನಾನು ಹೊಗಳಿದ್ದ ಕೆಲವು ತುಣುಕುಗಳು ಅಲ್ಲಿರಲಿಲ್ಲ. ಒಂದು ತಕ್ಕಡಿಗೆ ಕಲ್ಲು ಸೇರಿಸಿ ಇನ್ನೊಂದರಿಂದ ಅಕ್ಕಿ ತೆಗೆದು ತೂಗಿದ್ದೆ, ಮಾರಾಯ್ರೆ. ಎಂಟು ತಿಂಗಳ ಒಂದು ಅಂಕವೂ ಉಳಿಯಲಿಲ್ಲ.

ಆದ್ದರಿಂದ ಪೆನ್ನು ಹಿಡಿಯುವ ಮೊದಲು ನೀವು ನೋಡುವ ಪ್ರತಿ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಎಲ್ಲ ಎಪಿಸೋಡುಗಳೂ ಒಂದೇ ಮೂಲದವು ಆಗಿರಬೇಕು: ಒಂದೋ ಒಟಿಟಿ, ಇಲ್ಲವೇ ಬ್ಲೂರೇ. ಎರಡರಲ್ಲೂ ಇರುವುದು ಪ್ರಸಾರವಾದ ರೂಪ. ಪ್ರತಿ ಎಪಿಸೋಡಿನ ಒಟ್ಟು ಸಮಯವನ್ನು ಪುಟದ ಮೇಲ್ತುದಿಯಲ್ಲಿ ಬರೆದುಕೊಳ್ಳಿ. 22 ನಿಮಿಷದ ಆಸುಪಾಸಿನಿಂದ ಬಹಳ ದೂರ ಹೋದರೆ ಕಾರಣ ಹುಡುಕಿ. 2001ರ ಫೆಬ್ರವರಿಯಲ್ಲಿ ಎದುರು ಚಾನೆಲಿನ ‘ಸರ್ವೈವರ್’ಗೆ ಪೈಪೋಟಿಯಾಗಿ ಎನ್‌ಬಿಸಿ ಚಾನೆಲಿನವರು ಫ್ರೆಂಡ್ಸ್‌ನ ಸ್ಲಾಟನ್ನು 40 ನಿಮಿಷಕ್ಕೆ ಹಿಗ್ಗಿಸಿದ್ದರು, ಏಳನೇ ಸೀಸನ್ನಿನ ಆ ಕೆಲವು ಉದ್ದ ಎಪಿಸೋಡುಗಳನ್ನು ಬದಿಗಿಡಿ. ಹಳೆಯ ದೃಶ್ಯಗಳನ್ನೇ ಪೋಣಿಸಿದ ಎಪಿಸೋಡುಗಳೂ ಬೇಡ: 4ರ 21 (ಅಂದರೆ ನಾಲ್ಕನೇ ಸೀಸನ್ನಿನ 21ನೇ ಎಪಿಸೋಡು), 6ರ 20, 7ರ 21, 8ರ 19, 9ರ 10, 10ರ 10.  ಎಲ್ಲವೂ ಮೊದಲ ಮೂರು ಸೀಸನ್ನಿನ ಆಚೆ ಬೀಳುತ್ತವೆ ಅನ್ನುವುದನ್ನೂ ಗಮನಿಸಿ. ತೆಗೆಯದೆ ಸರಾಸರಿ ಹಾಕಿದರೆ ಕೊನೆಯ ಸೀಸನ್ನುಗಳು ಸುಮ್ಮನೆ ಕೆಳಗಿಳಿಯುತ್ತವೆ.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ಸೀಸನ್ನಿಗೊಂದು ಇಷ್ಟದ ಎಪಿಸೋಡು ತೆಗೆದು ಹೋಲಿಸುವುದರಲ್ಲಿ ಅರ್ಥ ಇಲ್ಲ. ಎರಡನೇ ಸೀಸನ್ನಿನಿಂದ ನೀವು ಪ್ರಾಮ್ (ಹೈಸ್ಕೂಲಿನ ನೃತ್ಯಕೂಟ) ವಿಡಿಯೊದ ಎಪಿಸೋಡು ಆರಿಸುತ್ತೀರಿ, ಮೂರನೆಯದರಿಂದ ಯಾರೂ ಹೊರಡಲು ತಯಾರಾಗದ ಎಪಿಸೋಡು. ಮೊದಲನೆಯದು ಕಣ್ಣೀರು ತರಿಸುವುದು ಅದರ ಹಿಂದೆ 37 ಎಪಿಸೋಡುಗಳು ರಾಸ್ ಮತ್ತು ರೇಚಲ್ ಬಗ್ಗೆ ಕೂಡಿಟ್ಟದ್ದರಿಂದ. ಎರಡನೆಯದು ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ, ಗಡಿಯಾರದ ಓಟದಲ್ಲೇ ನಡೆಯುತ್ತದೆ. ಫ್ರೆಂಡ್ಸ್ ಎಂದೂ ನೋಡದವರಿಗೂ ಅದು ಹಿಡಿಸುತ್ತದೆ. ಇವುಗಳಲ್ಲಿ ಯಾವುದು ಮೇಲು ಅಂತ ಕೇಳಿದರೆ ಉತ್ತರ ನಿಮ್ಮ ಆ ದಿನದ ಮನಸ್ಸಿನದ್ದು. ಇಲ್ಲಿ ಯಕ್ಷಗಾನದ ಆಟ ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಈ ಮೇಳದ ಪಂಚವಟಿಯನ್ನು ಆ ಮೇಳದ ಪಂಚವಟಿಯ ಜೊತೆ ತೂಗುತ್ತಾರೆಯೇ ಹೊರತು, ಒಂದು ಮೇಳದ ಪಂಚವಟಿಯನ್ನು ಇನ್ನೊಂದರ ದೇವೀಮಹಾತ್ಮೆಯ ಜೊತೆ ಅಲ್ಲ. ಪ್ರಸಂಗ ಒಂದೇ ಇದ್ದಾಗ ಮಾತ್ರ ಭಾಗವತರ, ವೇಷದವರ ಕೈಚಳಕ ಬೇರೆಯಾಗಿ ಕಾಣುತ್ತದೆ.

ಫ್ರೆಂಡ್ಸ್‌ನಲ್ಲಿ ಅಂಥ ಒಂದೇ ಪ್ರಸಂಗ ಉಂಟು: ಥ್ಯಾಂಕ್ಸ್‌ಗಿವಿಂಗ್. ನವೆಂಬರಿನ ನಾಲ್ಕನೇ ಗುರುವಾರ, ನಮ್ಮ ಹೊಸಕ್ಕಿ ಊಟದ ಹಾಗೆ ಮನೆಮಂದಿ ಕೂಡಿ ಉಣ್ಣುವ ದಿನ. ಅಡುಗೆ ಮಾನಿಕಾಳದ್ದು, ಆರೂ ಜನ ಸೇರಲೇಬೇಕು, ಊಟಕ್ಕೆ ಏನಾದರೂ ಅಡ್ಡ ಬರಲೇಬೇಕು. 1ರ 9, 3ರ 9, 4ರ 8, 5ರ 8, 6ರ 9, 7ರ 8, 8ರ 9, 9ರ 8, 10ರ 8: ಹೀಗೆ ಒಂಬತ್ತು. 236 ಎಪಿಸೋಡುಗಳನ್ನು ಒಂದಕ್ಕೊಂದು ಹೋಲಿಸಲು ಹೊರಟರೆ 27,730 ಜೋಡಿಯಾಗುತ್ತದೆ, ಆಯುಷ್ಯ ಸಾಲದು. ಒಂಬತ್ತಕ್ಕಾದರೆ 36 ಜೋಡಿ. ಒಂದೊಂದನ್ನು ಎರಡು ಸಲ ನೋಡಿದರೂ ಒಟ್ಟು ಆರೂವರೆ ಗಂಟೆಯ ಕೆಲಸ.

ಮೊದಲ ಸಲ ಪೆನ್ನಿಲ್ಲದೆ ನೋಡಿ, ಸಬ್‌ಟೈಟಲ್ ಇಲ್ಲದೆ ನೋಡಿ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡೇ ನೋಡುತ್ತೇವೆ, ಮತ್ತು ಅದು ಚಾಂಡ್ಲರನ ಮಾತನ್ನು ಅವನಿಗಿಂತ ಅರ್ಧ ಸೆಕೆಂಡು ಮೊದಲೇ ಹೇಳಿಬಿಡುತ್ತದೆ. ಚಾಂಡ್ಲರ್ ಪಾತ್ರದ ಮ್ಯಾಥ್ಯೂ ಪೆರಿ ಒಂದು ಶಬ್ದದ ಮೇಲೆ ಒತ್ತು ಹಾಕಲು ತಡೆದು ನಿಲ್ಲುವ ಜಾಗ ಅಲ್ಲಿ ಸತ್ತುಹೋಗುತ್ತದೆ. ಮಾತು ತಪ್ಪಿಹೋದರೆ ಎರಡನೇ ಸಲಕ್ಕೆ ಸಬ್‌ಟೈಟಲ್ ಹಾಕಿಕೊಳ್ಳಿ. ಸೀಸನ್ನಿನ ಕ್ರಮದಲ್ಲಿ ನೋಡಬೇಡಿ; ಚೀಟಿ ಎತ್ತಿ, ಬಂದ ಸರದಿಯಲ್ಲಿ ನೋಡಿ. 1ರಿಂದ 10ಕ್ಕೆ ಹೋದರೆ ಕೊನೆಗೆ ಬರುವಷ್ಟರಲ್ಲಿ ನಿಮಗೆ ಲಯ ಪರಿಚಯವಾಗಿರುತ್ತದೆ, ನಗು ತಾನಾಗಿ ಕಡಿಮೆಯಾಗುತ್ತದೆ, ಆ ಲೆಕ್ಕವನ್ನು ಎಪಿಸೋಡಿನ ತಲೆಗೆ ಕಟ್ಟುತ್ತೀರಿ. ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಇದಕ್ಕೆ ಕೂರುವುದಾದರೆ ಇನ್ನೊಂದು ಮಾತು: ನಡುವೆ ಕರೆಂಟು ಹೋಗಿ ಮರುದಿನ ಮುಂದುವರಿಸಿದ ನೋಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮೊದಲಿನಿಂದ ಹಾಕಿ.

ಎರಡನೇ ಸಲ ಬರೆದುಕೊಳ್ಳಬೇಕಾದ್ದು ಮೂರೇ ಸಂಗತಿ. ಪ್ರತಿ ಎಳೆ ಎಷ್ಟನೇ ನಿಮಿಷಕ್ಕೆ ಶುರುವಾಯಿತು. ಎಳೆಗಳು ಎಷ್ಟನೇ ನಿಮಿಷಕ್ಕೆ ಒಂದನ್ನೊಂದು ಮುಟ್ಟಿದವು, ಅಥವಾ ಮುಟ್ಟಲೇ ಇಲ್ಲವೋ. ಮೂರನೆಯದಕ್ಕೆ ನಾನು ‘ಕಡ’ ಅಂತ ಹೆಸರಿಟ್ಟಿದ್ದೇನೆ: ಹಿಂದಿನ ಎಪಿಸೋಡು ಗೊತ್ತಿಲ್ಲದವರಿಗೆ ದಕ್ಕದ ಜಾಗ ಎಷ್ಟು. 5ರ 14ರಲ್ಲಿ ಮಾನಿಕಾ ಮತ್ತು ಚಾಂಡ್ಲರ್‌ರ ಗುಟ್ಟಿನ ಪ್ರೇಮ ಎಲ್ಲರಿಗೂ ತಿಳಿಯುವುದು ಅಷ್ಟು ಮಜಾ ಕೊಡುವುದು ನಾಲ್ಕನೇ ಸೀಸನ್ನಿನಲ್ಲಿ ರಾಸ್‌ನ ಲಂಡನ್ ಮದುವೆಯಿಂದ ತಂದ ಕಡದಲ್ಲಿ. ಅದು ದೋಷ ಅಲ್ಲ. ಆದರೆ ಕಡವಿಲ್ಲದ ಎಪಿಸೋಡಿನ ಎದುರು ಇಡುವಾಗ ಅದನ್ನು ಕಳೆದು ನೋಡಬೇಕು.

ನಗುವಿನ ಸದ್ದನ್ನು ಮಾತ್ರ ಎಣಿಸಬೇಡಿ. ಹೆಚ್ಚಿನ ಎಪಿಸೋಡುಗಳನ್ನು ಪ್ರೇಕ್ಷಕರ ಎದುರು ಚಿತ್ರಿಸಿದ್ದು ನಿಜ, ಆದರೆ ಗುಟ್ಟು ಹೊರಬೀಳಬಾರದ ದೃಶ್ಯಗಳನ್ನು ಪ್ರೇಕ್ಷಕರಿಲ್ಲದೆ ತೆಗೆದಿದ್ದಾರೆ. ಹೆಸರಾಂತ ಅತಿಥಿ ಬಾಗಿಲಲ್ಲಿ ಕಂಡರೆ ಮಾತಿಗೆ ಮೊದಲೇ ಕೇಕೆ. 8ರ 9ರಲ್ಲಿ ಬ್ರ್ಯಾಡ್ ಪಿಟ್ ರೇಚಲ್‌ಳನ್ನು ದ್ವೇಷಿಸುವ ವಿಲ್ ಆಗಿ ಬರುತ್ತಾರೆ. ಆಗ ಅವರು ರೇಚಲ್ ಪಾತ್ರದ ಜೆನಿಫರ್ ಆನಿಸ್ಟನ್ ಅವರ ಗಂಡ. ಆ ನಗುವಿನಲ್ಲಿ ಅರ್ಧ ಪತ್ರಿಕೆ ಓದಿದವರ ನಗು. ಆ ಎಪಿಸೋಡಿನಲ್ಲಿ ನನಗೆ ಗಟ್ಟಿ ಅನ್ನಿಸಿದ್ದು ಜೋಯಿ 19 ಪೌಂಡಿನ, ಅಂದರೆ ಎಂಟೂವರೆ ಕಿಲೋದಷ್ಟು ಟರ್ಕಿ ಕೋಳಿಯನ್ನು ಒಬ್ಬನೇ ಮುಗಿಸಲು ಬಸುರಿಯರ ಪ್ಯಾಂಟು ಹಾಕಿಕೊಂಡು ಕೂರುವ ಮೂರನೇ ಎಳೆ.

ಹೀಗೆ ತೂಗಿದರೆ ಮೇಲೆ ನಿಲ್ಲುವುದು 6ರ 9, ‘ದಿ ಒನ್ ವೇರ್ ರಾಸ್ ಗಾಟ್ ಹೈ’. ನೀವು ಸಪ್ಪೆ ಅಂದ ಭಾಗದ್ದೇ. ರೇಚಲ್ ಟ್ರೈಫಲ್ (ಪದರಪದರವಾಗಿ ಜೋಡಿಸುವ ಸಿಹಿ) ಮಾಡುತ್ತಾಳೆ. ಅಡುಗೆ ಪುಸ್ತಕದ ಎರಡು ಪುಟ ಅಂಟಿಕೊಂಡು ಸಿಹಿಯ ಅರ್ಧ, ಮಾಂಸದ ಅಡುಗೆಯ ಅರ್ಧ ಸೇರಿಹೋಗಿದೆ: ಲೇಡಿಫಿಂಗರ್ ಬಿಸ್ಕತ್ತು, ಜಾಮು, ಕಸ್ಟರ್ಡು, ರಾಸ್ಪ್‌ಬೆರಿ, ಮತ್ತೆ ಬಿಸ್ಕತ್ತು, ಆಮೇಲೆ ಬಟಾಣಿ-ಈರುಳ್ಳಿಯ ಜೊತೆ ಹುರಿದ ಗೋಮಾಂಸ, ಮತ್ತೆ ಕಸ್ಟರ್ಡು, ಬಾಳೆಹಣ್ಣು, ಮೇಲೆ ಕೆನೆ. ರಾಸ್ ಮತ್ತು ಜೋಯಿಗೆ ಬೇರೆ ಕಡೆ ಹೊರಡುವ ಅವಸರ. ತಪ್ಪು ಹೇಳಿದರೆ ಅವಳು ಮೊದಲಿನಿಂದ ಮಾಡುತ್ತಾಳೆ, ಹಾಗಾಗಿ ಬಾಯಿ ಮುಚ್ಚಿ ತಿನ್ನಬೇಕು. ಅತ್ತ ಮಾನಿಕಾಳ ಅಪ್ಪ-ಅಮ್ಮನಿಗೆ ಚಾಂಡ್ಲರನ ಮೇಲೆ ಹಳೆಯ ಸಿಟ್ಟು, ಕಾಲೇಜಿನಲ್ಲಿ ರಾಸ್ ಗಾಂಜಾ ಸೇದಿ ಅವನ ಮೇಲೆ ಹಾಕಿದ್ದರಿಂದ. ಫೀಬಿಗೆ ಬೇರೆಯೇ ಒಂದು ಕನಸಿನ ಪ್ರೇಮ. ಈ ಎಳೆಗಳೆಲ್ಲ ಅಣ್ಣ-ತಂಗಿಯರಾದ ರಾಸ್ ಮತ್ತು ಮಾನಿಕಾ ಒಬ್ಬರ ಚಾಡಿ ಒಬ್ಬರು ಹೇಳುವ ಒಂದೇ ಜಗಳದಲ್ಲಿ ಸಾಲುಸಾಲಾಗಿ ಒಡೆಯುತ್ತವೆ. 30 ಸೆಕೆಂಡಿನಲ್ಲಿ ಇಷ್ಟೊಂದು ಸುದ್ದಿಯೇ ಅಂತ ಅಮ್ಮನೇ ಕೇಳುತ್ತಾಳೆ, ಆಮೇಲೆ ಒಬ್ಬೊಬ್ಬರಿಗೂ ಸರದಿಯಲ್ಲಿ ಉತ್ತರ ಕೊಡುತ್ತಾಳೆ. ತಾಳಮದ್ದಳೆಯ ಒಳ್ಳೆಯ ಅರ್ಥಧಾರಿ ಎದುರಾಳಿಯ ಅಷ್ಟೂ ಪ್ರಶ್ನೆಗಳನ್ನು ನೆನಪಿಟ್ಟು ಒಂದನ್ನೂ ಬಿಡದೆ ಹಿಂದಿರುಗಿಸುವ ಹಾಗೆ. ಕಡ ತೀರ ಸ್ವಲ್ಪ.

ಅದರ ಎದುರು 7ರ 8 ಇಡಿ. ರಾಸ್ ಅಮೆರಿಕದ 50 ರಾಜ್ಯಗಳ ಹೆಸರು ನೆನಪಿಸಿಕೊಳ್ಳಲು ಒದ್ದಾಡುವುದು ಒಂದು ಕಡೆ, ಚಾಂಡ್ಲರನಿಗೆ ನಾಯಿ ಆಗದಿರುವುದು ಇನ್ನೊಂದು ಕಡೆ, ರೇಚಲ್ ಮತ್ತು ಅವಳ ಆಫೀಸಿನ ಸಹಾಯಕ ಟ್ಯಾಗ್ ಮತ್ತೊಂದು ಕಡೆ. ಮೂರೂ ನಗಿಸುತ್ತವೆ, ಆದರೆ ಕಲೆಯುವುದಿಲ್ಲ. 5ರ 8 ಹಿಂದಿನ ಕಾಲಕ್ಕೆ ಹೋಗಿ ಬರುವುದರಲ್ಲೇ ಕಟ್ಟಿದ್ದು. ತಲೆಗೆ ಟರ್ಕಿ ಹೊತ್ತ ಮಾನಿಕಾಳಿಗೆ ಚಾಂಡ್ಲರ್ ಪ್ರೀತಿ ಹೇಳುವ ಕೊನೆಯ ನಿಮಿಷಕ್ಕೆ ಪೂರ್ತಿ ಅಂಕ, ಉಳಿದದ್ದಕ್ಕೆ ಅಲ್ಲ. 1ರ 9 ಎರಡನೇ ಸ್ಥಾನಕ್ಕೆ ಬರುತ್ತದೆ. ಬೀಗದ ಕೈ ಹಿಡಿದುಕೊಂಡಿದ್ದಾರೆಯೇ ಅನ್ನುವುದು ಪ್ರಶ್ನೆಯೋ ಉತ್ತರವೋ ಅಂತ ಗೊಂದಲವಾಗಿ ಆರೂ ಜನ ಹೊರಗೆ ಉಳಿಯುತ್ತಾರೆ, ಒಳಗೆ ಅಡುಗೆ ಸುಟ್ಟು ಹೋಗುತ್ತದೆ, ಕೊನೆಗೆ ಚೀಸ್ ಸ್ಯಾಂಡ್‌ವಿಚ್ಚು ತಿನ್ನುತ್ತಾರೆ. ಇಡೀ ಎಪಿಸೋಡು ಒಂದು ವಾಕ್ಯದ ಮೇಲೆ ನಿಂತಿದೆ. 10ರ 8ನ್ನು ಜನ ಮರೆತೇಬಿಟ್ಟಿದ್ದಾರೆ, ಆದರೆ ತಡವಾಗಿ ಬಂದ ನಾಲ್ವರು ಸರಪಳಿ ಹಾಕಿದ ಬಾಗಿಲ ಸಂದಿಯಲ್ಲಿ ತಲೆ ತೂರಿಸಿ ನಿಲ್ಲುವ ದೃಶ್ಯ ಮೊದಲ ಸೀಸನ್ನಿನ ಯಾವುದಕ್ಕೂ ಕಡಿಮೆ ಇಲ್ಲ.

ಅಂತರ್ಜಾಲದ ಅಂಕಗಳನ್ನು ಇದಕ್ಕೆ ಬೆರೆಸಬೇಡಿ. ಕೊನೆಯ ಎಪಿಸೋಡಿಗೆ ಅಂಕ ಹಾಕುವವರು ಹತ್ತು ಸೀಸನ್ ಕೈಬಿಡದೆ ಬಂದ ಅಭಿಮಾನಿಗಳು. ಅತ್ಯುತ್ತಮ ಹಾಸ್ಯ ಧಾರಾವಾಹಿಯ ಎಮಿ ಪ್ರಶಸ್ತಿ ಫ್ರೆಂಡ್ಸ್‌ಗೆ ಬಂದದ್ದು ಒಂದೇ ಸಲ, 2002ರಲ್ಲಿ, ಎಂಟನೇ ಸೀಸನ್ನಿಗೆ. ನಿಮ್ಮ ಐದರ ಗೆರೆಯ ಆಚೆಗೆ.

ಎರಡನೇ ಸೀಸನ್ನಿನ ಸಾಲಿಗೆ ಏನು ಹಾಕುವುದು ಅಂತ ನೀವು ಕೇಳಬಹುದು. 2ರ 8ರಲ್ಲಿ ಮಾನಿಕಾ ಥ್ಯಾಂಕ್ಸ್‌ಗಿವಿಂಗಿಗೆ ಅಂತ ನಕಲಿ ಚಾಕೊಲೇಟಿನ ಅಡುಗೆಗಳನ್ನು ಪ್ರಯೋಗಿಸುತ್ತಾಳೆ, ಆದರೆ ಹಬ್ಬದ ಊಟ ಅಲ್ಲಿ ನಡೆಯುವುದಿಲ್ಲ. ಆ ಸಾಲು ಖಾಲಿ ಬಿಡಿ.